ಮಾವನ ಕೆಮ್ಮು, ಅಳಿಯನ ಉಸ್ತುವಾರಿ

"ಜ್ವರ ನೆಂಟ್ರಂಗೆ ಬಂತು, ನಾಕ್ ದಿನ ಇದ್ದು ಓಯ್ತು. ಈ ಕೆಮ್ಮು ಐತಲ್ಲ, ಇದು ಮನೆ ಅಳಿಯ ಇದ್ದಂಗೆ. ಬಂದಿದ್ದೇ ಬಂದಿದ್ದು, ಜಗ್ಗಾಕಿಲ್ಲ ಅಂತ ಕುಂತ್ಕಬುಟ್ಟೈತೆ."

ಆರೋಗ್ಯ ವಿಚಾರಿಸಲು ಬಂದವರಿಗೆಲ್ಲ ನಂಜಣ್ಣನವರು ಜಗಲಿಯ ಮೇಲೆ ಕುಳಿತು ಇದನ್ನೇ ಹೇಳುತ್ತಿದ್ದರು. ಬಂದವರು ನಗುತ್ತಿದ್ದರು. ನಂಜಣ್ಣನವರೂ ನಗಲು ಹೋಗಿ ಕೆಮ್ಮುತ್ತಿದ್ದರು. ಒಳಗೆ ಕಾಫಿ ಕುಡಿಯುತ್ತಿದ್ದ ಮಲ್ಲೇಶನಿಗೆ ಮಾತ್ರ ಕಾಫಿ ಗಂಟಲಲ್ಲೇ ನಿಲ್ಲುತ್ತಿತ್ತು. ಯಾಕೆಂದರೆ ಆ ಮನೆಯ ಮನೆ ಅಳಿಯ ಅವನೇ.

ಹುಣಸೂರಿನ ತಾಲ್ಲೂಕು ಕಚೇರಿಯ ಎದುರು ಮಲ್ಲೇಶನದೊಂದು ಜೆರಾಕ್ಸ್ ಅಂಗಡಿ. ಹಿಂದೆ ಬಾಡಿಗೆ ಮನೆಯಲ್ಲಿದ್ದ. ಮಾಲೀಕ ಆ ಮನೆ ಕೆಡವಿ ಮಹಡಿ ಕಟ್ಟುತ್ತೇನೆಂದಾಗ, 'ಒಂದಾರು ತಿಂಗಳ ಮಟ್ಟಿಗೆ' ಎಂದು ಹೆಂಡತಿ ಉಷಾರಾಣಿಯ ತವರಿಗೆ ಬಂದ. ಆ ಆರು ತಿಂಗಳಿಗೆ ಈಗ ನಾಲ್ಕು ವರ್ಷ ತುಂಬಿತ್ತು. ಈ ನಾಲ್ಕು ವರ್ಷದಲ್ಲಿ ಮಾವ ಅವನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. "ಅಳಿಯಂದ್ರು ಎದ್ದವ್ರಾ?" "ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಇಕ್ಕಿ." ಬೇರೆ ಮನೆಯಲ್ಲಿ ಇದು ಮರ್ಯಾದೆ ಅನ್ನಿಸಿಕೊಳ್ಳುತ್ತಿತ್ತು. ಇಲ್ಲಿ ಬಹುವಚನ ಹೆಚ್ಚಿದಷ್ಟೂ ಮಲ್ಲೇಶನಿಗೆ ಬೆವರು ಹೆಚ್ಚುತ್ತಿತ್ತು.

ನಂಜಣ್ಣನವರಿಗೆ ಆಸ್ತಮಾ ಇಪ್ಪತ್ತು ವರ್ಷದಿಂದ ಇತ್ತು, ಗುಳಿಗೆ ಕಷಾಯದಲ್ಲೇ ಸಾಗಿತ್ತು. ಅದು ಅವರಿಗೂ ಅಭ್ಯಾಸವಾಗಿತ್ತು, ಅದಕ್ಕೂ ಅವರು ಅಭ್ಯಾಸವಾಗಿದ್ದರು. ಈ ಸಲ ಕೆ.ಆರ್. ನಗರದ ಒಂದು ಮದುವೆಗೆ ಹೋಗಿ ಬಂದರು. ಆ ಛತ್ರದಲ್ಲಿ ಓಲಗಕ್ಕಿಂತ ಸೀನಿನ ಸದ್ದೇ ಜೋರಾಗಿತ್ತಂತೆ. ಮೂರನೇ ದಿನಕ್ಕೆ ಜ್ವರ, ನೆಗಡಿ, ಮೈಕೈ ನೋವು. ಏಳನೇ ದಿನಕ್ಕೆ ಎಲ್ಲ ಸರಿಹೋಯಿತು, ಕೆಮ್ಮೊಂದನ್ನು ಬಿಟ್ಟು.

ಕೆಮ್ಮಿನಿಂದ ಎದೆ ನೋಯುತ್ತಿದ್ದದ್ದು ಒಂದು ಕಡೆ, ಅದಕ್ಕಿಂತ ದೊಡ್ಡ ನೋವು ಇನ್ನೊಂದು ಕಡೆ. ಬಸ್ ಸ್ಟ್ಯಾಂಡಿನ ಹಿಂದಿನ ಟೀ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದಿ, ಅರ್ಥ ಬಿಡಿಸಿ ಹೇಳುವ ಪದವಿ ಹದಿನೈದು ವರ್ಷದಿಂದ ನಂಜಣ್ಣನವರದ್ದು. ಈಗ ಒಂದು ಸಾಲು ಓದಿದರೆ ಎರಡು ಸಾಲಿನಷ್ಟು ಕೆಮ್ಮು. ಆ ಪೀಠವನ್ನು ಸೋಮಯ್ಯ ಎಂಬವರು ಆಕ್ರಮಿಸಿಕೊಂಡಿದ್ದರು.

"ಆ ಸೋಮಯ್ಯ ಓದಾದು ಒಂದ್ ಓದಾ? ಹಾಲಿನ ದರ ಅಂತ ಬರ್ದಿದ್ರೆ ಆಲಿನ ದರ ಅಂತಾನೆ!" ಎಂದು ನಂಜಣ್ಣನವರು ಹಲುಬುತ್ತಿದ್ದರು. (ಮನೆಯಲ್ಲಿ ಅವರೂ ಆಲು ಅನ್ನುವವರೇ. ಪೇಪರು ಕೈಗೆ ಬಂದಾಗ ಮಾತ್ರ ಅದು ಹಾಲಾಗುತ್ತಿತ್ತು.)

ಉಷಾರಾಣಿ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಟೀಚರು. ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದರೆ ಬರುವುದು ಸಂಜೆ ಆರಕ್ಕೆ. ಅವಳು ಒಂದು ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತಲೇ ಆಜ್ಞೆ ಹೊರಡಿಸಿದಳು.

"ರೀ, ಅಪ್ಪನ್ನ ಡಾಕ್ಟ್ರತ್ರ ಕರ್ಕೊಂಡೋಗಿ. ಇನ್ಮೇಲೆ ಅಪ್ಪನ ಕೆಮ್ಮಿಗೆ ನೀವೇ ಜವಾಬ್ದಾರಿ."

ಜಿಲ್ಲೆಗೊಬ್ಬ ಉಸ್ತುವಾರಿ ಸಚಿವರಿರುವ ಹಾಗೆ ಮಲ್ಲೇಶ ಅಂದಿನಿಂದ ಕೆಮ್ಮಿನ ಉಸ್ತುವಾರಿ ಸಚಿವನಾದ. ಮಾವನ ಕಣ್ಣಲ್ಲಿ ನಾಲ್ಕು ವರ್ಷದಿಂದ ಸಿಗದ ಬೆಲೆ ಈ ಕೆಮ್ಮಿನ ಮೂಲಕವಾದರೂ ಸಿಗಬಹುದು ಎಂದು ಅವನಿಗೆ ಒಳಗೊಳಗೇ ಆಸೆಯೂ ಆಯಿತು.

ಡಾಕ್ಟರ್ ಅನು ಎದೆಗೆ ಕೊಳವೆ ಇಟ್ಟು ನೋಡಿದರು, ಎಕ್ಸ್‌ರೇ ತೆಗೆಸಿದರು, ಕಫ ಪರೀಕ್ಷೆ ಮಾಡಿಸಿದರು. ಗಾಬರಿಪಡುವಂಥದ್ದೇನೂ ಇರಲಿಲ್ಲ. ಎರಡು ಇನ್‌ಹೇಲರ್ ಪಂಪು ಬರೆದುಕೊಟ್ಟರು, ಒಂದು ನೀಲಿ, ಒಂದು ಕಿತ್ತಳೆ. ಒಂದನ್ನು ಬೆಳಿಗ್ಗೆ ಸಂಜೆ ತಪ್ಪದೆ ತೆಗೆದುಕೊಳ್ಳಬೇಕು. ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ. ಹಿರಿಯರಿಗೂ ಸುಲಭವಾಗಲಿ ಎಂದು ಡಾಕ್ಟರಮ್ಮ ಚೀಟಿಯ ಮೇಲೆ ಸ್ಕೆಚ್ ಪೆನ್ನಿನಿಂದ ನೀಲಿಯದೊಂದು, ಕಿತ್ತಳೆಯದೊಂದು ಬೊಟ್ಟು ಇಟ್ಟು, ಒಂದರ ಪಕ್ಕ 'ದಿನಾ' ಎಂದೂ ಇನ್ನೊಂದರ ಪಕ್ಕ 'ಕಷ್ಟವಾದಾಗ' ಎಂದೂ ಬರೆದರು. ಆಮೇಲೆ ಪಂಪನ್ನು ಹಿಡಿಯುವ ರೀತಿಯನ್ನೂ ವಿವರಿಸಿದರು. ಆ ಹೊತ್ತಿಗೆ ಸರಿಯಾಗಿ ಮಲ್ಲೇಶನಿಗೆ ಅಂಗಡಿಯಿಂದ ಫೋನು ಬಂತು, ಟೋನರ್ ಖಾಲಿ ಎಂದು. ಅವನು ಹೊರಗೆ ಹೋಗಿ ಮಾತಾಡಿ ಬಂದ. ನಂಜಣ್ಣನವರು ಒಳಗೆ ಕೆಮ್ಮುತ್ತ ತಲೆಯಾಡಿಸುತ್ತಿದ್ದರು.

ಇಷ್ಟು ಸ್ಪಷ್ಟವಾಗಿ ಬರೆದ ಚೀಟಿಯನ್ನು ಗೊಂದಲ ಮಾಡುವುದು ಸಾಧಾರಣ ಮನುಷ್ಯನ ಕೈಲಾಗುವ ಕೆಲಸವಲ್ಲ. ಅದಕ್ಕೆ ಜೆರಾಕ್ಸ್ ಮೆಷಿನ್ನೇ ಬೇಕು. ಮಲ್ಲೇಶ ಉತ್ಸಾಹದಿಂದ ಆ ಚೀಟಿಯ ಆರು ಪ್ರತಿ ತೆಗೆದು, ಲ್ಯಾಮಿನೇಷನ್ ಮಾಡಿ, ನಡುಮನೆಗೊಂದು, ಅಡಿಗೆಮನೆಗೊಂದು, ಮಾವನ ಮಂಚದ ತಲೆದೆಸೆಗೊಂದು ಎಂದು ತೂಗುಹಾಕಿದ. ಅಸಲು ಚೀಟಿ ಅಂಗಡಿಯಲ್ಲಿ ಯಾರದೋ ಪಹಣಿಯ ಕಟ್ಟಿನೊಳಗೆ ಸೇರಿಕೊಂಡು ಎಚ್.ಡಿ. ಕೋಟೆಯ ಕಡೆಗೆ ಹೊರಟುಹೋಯಿತು.

ಉಷಾರಾಣಿ ಸಂಜೆ ಬಂದು ನೋಡಿದಳು.

"ರೀ, ಎರಡು ಬೊಟ್ಟೂ ಕರ್ರಗಿವೆಯಲ್ಲ? ದಿನಾ ತಗೊಳ್ಳೋದು ಯಾವ್ದು?"

ಮಲ್ಲೇಶ ನೋಡಿದ. ಹೌದು, ಅವನ ಮೆಷಿನ್ನಿಗೆ ನೀಲಿಯೂ ಒಂದೇ, ಕಿತ್ತಳೆಯೂ ಒಂದೇ. ಸಮದರ್ಶಿ. ಎರಡು ಕರಿಯ ಬೊಟ್ಟುಗಳು ಅವನನ್ನೇ ಪಿಳಿಪಿಳಿ ನೋಡುತ್ತಿದ್ದವು. ಡಾಕ್ಟರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ಮಾವ ಮಂಚದ ಮೇಲಿಂದ ಕಿವಿಗೊಟ್ಟಿದ್ದರು. ಅವರೆದುರು 'ನನಗೆ ಗೊತ್ತಿಲ್ಲ' ಎನ್ನುವುದು ಹೇಗೆ?

"ನೀಲಿ ಕಣೇ," ಎಂದ ಗಂಭೀರವಾಗಿ. "ಸ್ವಲ್ಪ ಯೋಚನೆ ಮಾಡು. ನೀಲಿ ಅಂದ್ರೆ ಆಕಾಶ, ಶಾಂತಿ, ಸಮಾಧಾನ. ದಿನನಿತ್ಯದ್ದು. ಕಿತ್ತಳೆ ಅಂದ್ರೆ ಬೆಂಕಿ, ಅಪಾಯ. ಅದು ಎಮರ್ಜೆನ್ಸಿಗೆ."

"ಗ್ಯಾರಂಟಿನಾ?"

"ನಾನೇ ಎದುರಿಗೆ ಕೂತಿರ್ಲಿಲ್ವೇನೆ?"

ಹೀಗೆ ನೀಲಿ ಪಂಪಿನ ನಿತ್ಯಪೂಜೆ ಆರಂಭವಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ನಂಜಣ್ಣನವರು ಕುರ್ಚಿಯಲ್ಲಿ ಕೂರುತ್ತಿದ್ದರು. ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದರು. ಮಲ್ಲೇಶ ಪಂಪು ಒತ್ತುತ್ತಿದ್ದ. ನಂಜಣ್ಣನವರು ಬಾಯಿ ಮುಚ್ಚಿ ಗುಟುಕ್ಕನೆ ನುಂಗುತ್ತಿದ್ದರು, ತೀರ್ಥ ತೆಗೆದುಕೊಂಡ ಹಾಗೆ.

"ನುಂಗಿದ್ರಾ ಮಾವಾರೇ?"

"ನುಂಗ್ದೆ. ಖಾರ ಖಾರ ಐತೆ."

ಕೆಮ್ಮು ಬಂದಾಗಲೆಲ್ಲ ಪ್ರಸಾದದ ಹಾಗೆ ಇನ್ನೊಂದೆರಡು ಸಲ ನಡೆಯುತ್ತಿತ್ತು. ಕೆಮ್ಮು ಒಂದು ಗಳಿಗೆ ತಗ್ಗಿ, ಮತ್ತೆ ಬರುತ್ತಿತ್ತು. ಕಿತ್ತಳೆ ಪಂಪು ಪೆಟ್ಟಿಗೆಯನ್ನೇ ಒಡೆಯದೆ ಬೀರುವಿನಲ್ಲಿ, ಬಂಗಾರದ ಪಕ್ಕದಲ್ಲಿ, ಭದ್ರವಾಗಿತ್ತು.

ಅತ್ತೆ ಪುಟ್ಟಮಾದಮ್ಮನವರಿಗೆ ಈ ಪಂಪುಗಳಲ್ಲಿ ನಂಬಿಕೆಯಿರಲಿಲ್ಲ. "ಬುಸ್ ಅಂದ್ರೆ ಕೆಮ್ಮು ಓದದಾ? ಒಟ್ಟೆಗೇನಾದ್ರೂ ಓಗ್ಬೇಕು ಕಣಪ್ಪ," ಎಂದು ಮೆಣಸು ಜೀರಿಗೆಯ ಕಷಾಯ, ದೊಡ್ಡಪತ್ರೆಯ ರಸ, ಆಡುಸೋಗೆಯ ಕಷಾಯ ಎಂದು ಒಂದರ ಹಿಂದೊಂದು ಇಳಿಸುತ್ತಿದ್ದರು. ಪಕ್ಕದ ಮನೆಯ ಪುಟ್ಟಸಿದ್ದಮ್ಮ ಬಂದು ಬಾಳೆಹಣ್ಣು ಕೊಡಬೇಡಿ ಎಂದಳು. ಮಾರನೇ ದಿನ ಬಂದು, ಬೆಚ್ಚಗಿನ ಕೆಂಡದಲ್ಲಿ ಸುಟ್ಟ ಬಾಳೆಹಣ್ಣು ಕೊಡಿ ಎಂದಳು. ಮೂರನೇ ದಿನ ಅರಿಶಿನದ ಕೊಂಬು ಸುಟ್ಟು ಅದರ ಹೊಗೆ ಮೂಗಿಗೆ ಹಿಡಿಸಿದಳು. ನಂಜಣ್ಣನವರು ಕೆಮ್ಮಿದ ಕೆಮ್ಮಿಗೆ ಮಾಡಿನ ಮೇಲಿನ ಪಾರಿವಾಳಗಳು ಹಾರಿಹೋದವು. ಅಂದು ಸಂಜೆ ಉಷಾರಾಣಿ ಎಲ್ಲರನ್ನೂ ನಿಲ್ಲಿಸಿ, ಮನೆಯೊಳಗೆ ಇನ್ನು ಮುಂದೆ ಯಾವ ಹೊಗೆಯೂ ಕೂಡದು, ಊದುಬತ್ತಿ ಸಹ ಕೂಡದು ಎಂದು ಕಾನೂನು ಮಾಡಿದಳು.

ಮೂರು ವಾರ ಕಳೆದರೂ ಕೆಮ್ಮು ಜಗ್ಗಲಿಲ್ಲ. ಬೆಳಿಗ್ಗೆ ಮಾವ, "ಏನ್ ಅಳಿಯಂದ್ರೇ, ನಿಮ್ ಔಸ್ದಿ ಕೆಮ್ಮಿಗೋ, ಕೆಮ್ಮು ಬೆಳ್ಯಾಕೋ?" ಎನ್ನುವರು. ಸಂಜೆ ಹೆಂಡತಿ, "ಯಾಕ್ರೀ ಕಡಿಮೆನೇ ಆಗ್ತಿಲ್ಲ?" ಎನ್ನುವಳು. ಅತ್ತೆ ಬರೀ ನಿಟ್ಟುಸಿರು ಬಿಡುವರು. ಅದು ಎಲ್ಲಕ್ಕಿಂತ ಕಷ್ಟ. ಮಲ್ಲೇಶನಿಗೆ ತಲೆ ಕೆಟ್ಟು ಗೊಬ್ಬರವಾಯಿತು. ಆರು ವರ್ಷದ ಹಿಂದೆ, ಮಲೆ ಮಹದೇಶ್ವರನ ಮೇಲೆ ಆಣೆಯಿಟ್ಟು, ಉಷಾರಾಣಿಯ ಎದುರು ಬಿಟ್ಟಿದ್ದ ಸಿಗರೇಟು ಅವನಿಗೆ ನೆನಪಾಯಿತು.

ದಿನಕ್ಕೆ ಒಂದೇ ಒಂದು. ಅಂಗಡಿಯಿಂದ ಬಂದು, ಉಷಾರಾಣಿ ಬಸ್ಸಿಳಿಯುವ ಮೊದಲು, ಬಚ್ಚಲುಮನೆಯ ಹಿಂದೆ ನುಗ್ಗೆಮರದ ಕೆಳಗೆ ಗೋಡೆಗೆ ಒರಗಿ ಸೇದುತ್ತಿದ್ದ. ಆಮೇಲೆ ಬಾಯಿ ತೊಳೆದು ಎರಡು ಲವಂಗ. ಮನೆಯೊಳಗೆ ಹೊಗೆ ಕೂಡದು ಎಂದಿದ್ದಳೇ ಹೊರತು ಹೊರಗೆ ಕೂಡದು ಎಂದಿರಲಿಲ್ಲವಲ್ಲ, ಎಂದು ತನ್ನ ಪರ ತಾನೇ ವಕಾಲತ್ತು ಮಾಡಿಕೊಂಡ.

ವಿಚಿತ್ರವೆಂದರೆ ಸರಿಯಾಗಿ ಅದೇ ಹೊತ್ತಿಗೆ ಮಾವನ ಕೆಮ್ಮು ಏರುತ್ತಿತ್ತು. ಗೋಡೆಯ ಆಚೆಯಿಂದ ಆ ಸದ್ದು ಕೇಳಿದಾಗ ಮಲ್ಲೇಶನ ಕರುಳು ಚುರ್ರೆನ್ನುತ್ತಿತ್ತು. 'ಸಂಜೆ ತಂಡಿಗೆ ಪಾಪ ಜಾಸ್ತಿಯಾಗುತ್ತೆ' ಎಂದು ಮರುಗುತ್ತ ಇನ್ನೊಂದು ದಮ್ಮು ಎಳೆಯುತ್ತಿದ್ದ.

"ನೋಡವ್ವಾ," ಎಂದು ಪುಟ್ಟಮಾದಮ್ಮ ಒಂದು ದಿನ ಮಗಳಿಗೆ ಹೇಳಿದರು, "ನಿಮ್ಮಪ್ಪನ್ ಕೆಮ್ಮಿನ ಯೋಚ್ನೇಲಿ ನಿನ್ ಗಂಡಾನೂ ಲವಂಗ ತಿನ್ನಕ್ ಸುರು ಮಾಡವ್ನೆ. ಎಂತಾ ಕರುಳು!"

ಐದನೇ ವಾರದ ಒಂದು ಮಂಗಳವಾರ ಮಧ್ಯಾಹ್ನ ಜೋರು ಮಳೆ ಹೊಯ್ದು ತಾಲ್ಲೂಕು ಕಚೇರಿಯ ಬೀದಿಗೆಲ್ಲ ಕರೆಂಟು ಹೋಯಿತು. ಕರೆಂಟಿಲ್ಲದ ಮೇಲೆ ಜೆರಾಕ್ಸೆಲ್ಲಿ? ಮಲ್ಲೇಶ ನಾಲ್ಕಕ್ಕೇ ಮನೆಗೆ ಬಂದ. ಮಾವ ಕೋಣೆಯಲ್ಲಿ ಮಲಗಿದ್ದರು. ಮಳೆ ನಿಂತು, ಉಷಾರಾಣಿ ಬರಲು ಇನ್ನೂ ಹೊತ್ತಿದ್ದುದರಿಂದ ನುಗ್ಗೆಮರದ ಕೆಳಗೆ ಒಂದರ ಜಾಗದಲ್ಲಿ ಎರಡಾಯಿತು. ಎರಡನೆಯದು ಮುಗಿಯುವ ಮೊದಲೇ ಅತ್ತೆಯ ಕೂಗು ಕೇಳಿಸಿತು.

"ಮಲ್ಲೇಸಪ್ಪಾ, ಓಡ್ ಬಾರಪ್ಪಾ! ನಿಮ್ಮಾವ ಎಂಗೆಂಗೋ ಆಡ್ತಾವ್ರೆ!"

ನಂಜಣ್ಣನವರು ಮಂಚದ ಅಂಚಿಗೆ ಕೈಯೂರಿ, ಮುಂದಕ್ಕೆ ಬಾಗಿ ಕುಳಿತಿದ್ದರು. ಭುಜ ಮೇಲೆ ಕೆಳಗೆ ಆಡುತ್ತಿತ್ತು. ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು. "ಅಳಿ... ಯಂದ್ರೇ..." ಎಂದವರು ಮುಂದಿನ ಮಾತಿಗೆ ಉಸಿರು ಸಾಲದೆ ಕೈ ಆಡಿಸಿದರು. ಮಲ್ಲೇಶ ನೀಲಿ ಪಂಪು ಒತ್ತಿದ. ಬುಸ್ ಎನ್ನಲಿಲ್ಲ. ಅಲುಗಾಡಿಸಿ ಒತ್ತಿದ. ಇಲ್ಲ. ಐದು ವಾರ ತೀರ್ಥದ ಹಾಗೆ ಹಂಚಿ ಅದು ಬರಿದಾಗಿತ್ತು. ಓಡಿಹೋಗಿ ಬೀರು ತೆಗೆದು, ಬಂಗಾರದ ಪಕ್ಕದಿಂದ ಕಿತ್ತಳೆ ಪಂಪನ್ನು ತಂದು, ಎರಡು ಸಲ, ನಾಲ್ಕು ಸಲ ಒತ್ತಿದ. ಏನೂ ಆಗಲಿಲ್ಲ.

ಮಲ್ಲೇಶ ಆಟೋದಲ್ಲಿ ಮಾವನನ್ನು ಒರಗಿಸಿಕೊಂಡು ಕೂತ, ಅತ್ತೆ ಪಕ್ಕದಲ್ಲಿ. ಬಹುವಚನವಿರಲಿ, ಹಂಗಿಸಲಿ, ಊರಿಗೆಲ್ಲ ಮನೆ ಅಳಿಯ ಎಂದು ಸಾರಲಿ, ಈ ಮನುಷ್ಯ ಒಂದು ಉಸಿರನ್ನು ಪೂರ್ತಿಯಾಗಿ ಎಳೆದುಕೊಂಡರೆ ಸಾಕು ಅನ್ನಿಸಿತು. ನಂಜಣ್ಣನವರು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮದುವೆಯಲ್ಲಿ ಧಾರೆ ಎರೆದಾಗಲೂ ಅಷ್ಟು ಗಟ್ಟಿಯಾಗಿ ಹಿಡಿದವರಲ್ಲ.

ಡಾಕ್ಟರ್ ಅನು ಕೂಡಲೇ ಮುಖಕ್ಕೆ ಮಾಸ್ಕು ಕಟ್ಟಿ ಮೆಷಿನ್ನಿನಿಂದ ಔಷಧಿಯ ಆವಿ ಬಿಟ್ಟರು. ಒಂದು ಸೂಜಿಯನ್ನೂ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಸಿಳ್ಳೆ ತಗ್ಗಿತು. ಅಷ್ಟರಲ್ಲಿ ಸುದ್ದಿ ತಿಳಿದ ಉಷಾರಾಣಿಯೂ ಪಿರಿಯಾಪಟ್ಟಣದ ಬಸ್ಸಿಂದ ನೇರವಾಗಿ ಅಲ್ಲಿಗೇ ಓಡಿಬಂದಳು. ನಂಜಣ್ಣನವರು ಮಾಸ್ಕು ಸರಿಸಿ ಮೊದಲು ಆಡಿದ ಮಾತು, "ಇವತ್ತು ಪೇಪರ್ ನೋಡೇ ಇಲ್ಲ ಕಣವ್ವ," ಎಂದು. ಎಲ್ಲರಿಗೂ ಜೀವ ಬಂತು.

ಆಮೇಲೆ ವಿಚಾರಣೆ ಆರಂಭವಾಯಿತು. ಡಾಕ್ಟರಮ್ಮ ಎರಡೂ ಪಂಪುಗಳನ್ನು ಕೈಯಲ್ಲಿ ತೂಗಿ ನೋಡಿದರು.

"ನೀಲಿ ಖಾಲಿ, ಕಿತ್ತಳೆ ಹೊಸದು. ತಲೆಕೆಳಗು ಮಾಡಿದ್ದೀರಲ್ರೀ!"

"ಬಣ್ಣ... ಜೆರಾಕ್ಸಲ್ಲಿ..." ಎಂದು ಮಲ್ಲೇಶ ತೊದಲಿದ.

ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು. "ವೈರಸ್ ಜ್ವರ ಹೋದ್ರೂ ಅದು ಮಾಡಿದ ಊತ ಉಸಿರಿನ ನಾಳದಲ್ಲಿ ಉಳಿದಿರುತ್ತೆ. ಆಸ್ತಮಾ ಇರೋರಿಗೆ ಅದು ಇಳಿಯೋಕೆ ವಾರಗಟ್ಟಲೆ ಬೇಕು. ಅದನ್ನ ಇಳಿಸೋದು ಕಿತ್ತಳೆ. ಒತ್ತಿದ ತಕ್ಷಣ ಏನೂ ಗೊತ್ತಾಗಲ್ಲ, ನಿಧಾನವಾಗಿ ಕೆಲಸ ಮಾಡುತ್ತೆ. ದಿನಾ ತಗೊಂಡು, ಬಾಯಿ ಮುಕ್ಕಳಿಸಬೇಕು. ನೀಲಿ ಆ ಹೊತ್ತಿನ ಕಷ್ಟಕ್ಕೆ ಮಾತ್ರ. ಅದು ಪದೇ ಪದೇ ಬೇಕಾಗ್ತಿದೆ ಅಂದ್ರೆ ಸುಮ್ನಿರದೆ ನನ್ ಹತ್ರ ಬರ್ಬೇಕು. ಮನೇಲಿ ಏನಾದ್ರೂ ಹೊಗೆ ಇದೆಯಾ?"

"ಪುಟ್ಟಸಿದ್ದಮ್ಮ ಅರಿಸಿನ ಸುಟ್ಟಿದ್ಲು," ಎಂದರು ಪುಟ್ಟಮಾದಮ್ಮ. "ಅದೂ ಒಂದೇ ದಿನ."

"ಬೀಡಿ, ಸಿಗರೇಟು?"

"ನಮ್ಮನೇಲಾ?" ಉಷಾರಾಣಿ ತಲೆಯೆತ್ತಿ ಹೇಳಿದಳು. "ಇವ್ರು ಬಿಟ್ಟು ಆರು ವರ್ಷ ಆಯ್ತು ಡಾಕ್ಟ್ರೇ."

ಮಲ್ಲೇಶ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದಿದ.

"ಸರಿ, ಪಂಪನ್ನ ಹೇಗೆ ತಗೊಳ್ತೀರಿ ತೋರ್ಸಿ," ಎಂದು ಡಾಕ್ಟರಮ್ಮ ಔಷಧಿಯಿಲ್ಲದ ಒಂದು ಖಾಲಿ ಪಂಪನ್ನು ನಂಜಣ್ಣನವರ ಕೈಗೆ ಕೊಟ್ಟರು. ನಂಜಣ್ಣನವರು ಕಣ್ಣು ಮುಚ್ಚಿ, ಬಾಯಿ ತೆರೆದು, ಒತ್ತಿ, ಗುಟುಕ್ಕನೆ ನುಂಗಿದರು. ಡಾಕ್ಟರಮ್ಮ ಹಣೆ ಹಿಡಿದುಕೊಂಡರು. "ನುಂಗೋದಲ್ಲ ಅಜ್ಜ! ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಮುಚ್ಚಿ ಹಿಡ್ಕೊಳ್ಳಿ. ಒತ್ತುತ್ತಾ ನಿಧಾನವಾಗಿ ಆಳಕ್ಕೆ ಎಳ್ಕೊಳ್ಳಿ. ಹತ್ತು ಎಣಿಸೋವರೆಗೂ ಒಳಗೇ ಇಟ್ಕೊಳ್ಳಿ. ಆಮೇಲೆ ಬಿಡಿ."

ನಂಜಣ್ಣನವರು ಒತ್ತುವಾಗ ಎಳೆಯಲಿಲ್ಲ, ಎಳೆಯುವಾಗ ಒತ್ತಲಿಲ್ಲ. ಒಮ್ಮೆ ಮೂಗಿನಿಂದಲೂ ಎಳೆದರು. ನೋಡುತ್ತ ನಿಂತಿದ್ದ ಮಲ್ಲೇಶನಿಗೆ ಐದು ವಾರದಲ್ಲಿ ಮೊದಲ ಬಾರಿಗೆ ಒಂದು ವಿಷಯ ಪೂರ್ತಿಯಾಗಿ ಅರ್ಥವಾಯಿತು. ಎಳೆಯುವುದು, ಒಳಗೆ ಹಿಡಿಯುವುದು, ಬಿಡುವುದು. ಇದು ತನಗೆ ಬರುವ ವಿದ್ಯೆ!

"ಕೊಡಿ ಮಾವಾರೇ, ನಾನ್ ತೋರಿಸ್ತೀನಿ."

ಡಾಕ್ಟರಮ್ಮ ಅವನಿಗೂ ಒಂದು ಹೊಸ ಖಾಲಿ ಪಂಪು ಕೊಟ್ಟರು. ಮಲ್ಲೇಶ ಉಸಿರನ್ನು ಪೂರ್ತಿ ಬಿಟ್ಟ. ತುಟಿಯ ನಡುವೆ ಪಂಪು ಇಟ್ಟು, ಕಣ್ಣನ್ನು ಅರೆ ಮುಚ್ಚಿ, ಅವಸರವಿಲ್ಲದೆ ಎಳೆದ. ಪಾದದವರೆಗೆ ಇಳಿಯಿತೇನೋ ಎಂಬಂಥ ಎಳೆತ. ಹತ್ತು ಎಣಿಸಬೇಕಾದಲ್ಲಿ ಹದಿನೈದು ಹಿಡಿದ.

"ಆಹಾ, ನೋಡಿ ಅಜ್ಜ, ಹೀಗಿರ್ಬೇಕು!" ಎಂದರು ಡಾಕ್ಟರಮ್ಮ.

"ನಮ್ಮಳಿಯಂದ್ರು ಸುಮ್ಕೆ ಅಲ್ಲ," ಎಂದರು ನಂಜಣ್ಣನವರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲನೆಯದು.

ಅದರ ಮತ್ತಿನಲ್ಲಿ ಮಲ್ಲೇಶ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ತುಟಿಯನ್ನು ಗುಂಡಗೆ ಮಾಡಿ, ಸೂರಿನ ಕಡೆಗೆ ಉಸಿರು ಬಿಟ್ಟ. ಪಂಪನ್ನು ಎರಡು ಬೆರಳಿನ ನಡುವೆ ಹಿಡಿದು, ತೋರುಬೆರಳಿನಿಂದ ಅದರ ತುದಿಗೆ ಎರಡು ಸಲ ತಟ್ಟಿದ, ಬೂದಿ ಉದುರಿಸಲು.

ಉಷಾರಾಣಿಯ ಕಣ್ಣು ಆ ಬೆರಳಿಗೆ ನೆಟ್ಟಿತು.

"ದಿನಕ್ಕೆಷ್ಟು?" ಎಂದರು ಡಾಕ್ಟರಮ್ಮ ಬರೆಯುತ್ತಲೇ.

"ಒಂದೇ ಡಾಕ್ಟ್ರೇ, ಸಂಜೆ ಮಾತ್ರ," ಎಂದ ಮಲ್ಲೇಶ. ಬಾಯಿಂದ ಮಾತು ಹೊರಟ ಮೇಲೆ ಕಿವಿಗೆ ಬಿತ್ತು.

"ಎಲ್ಲಿ?" ಇದು ಉಷಾರಾಣಿಯ ದನಿ. ಬಹಳ ಮೆಲ್ಲಗಿತ್ತು.

"ಹೊರಗೇ ಕಣೇ... ಬಚ್ಚಲ ಹಿಂದೆ... ನುಗ್ಗೆಮರದ ಕೆಳಗೆ..."

"ಅಯ್ಯೋ ಸಿವನೇ!" ಎಂದರು ಪುಟ್ಟಮಾದಮ್ಮ. "ಅಲ್ಲೇ ಅಲ್ವೇನಪ್ಪ ಇವ್ರ್ ಮಂಚದ ಕಿಟ್ಕಿ ಇರಾದು! ಅದ್ಕೇಯ ಸಂಜೆ ಆದ್ರೆ ಇವ್ರು ಅಂಗ್ ಕೆಮ್ಮಾದು!"

ಉಷಾರಾಣಿ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ನಿಲ್ಲಿಸಲಿಲ್ಲ. ಆ ಭಾಷಣವನ್ನು ಇಲ್ಲಿ ಕೊಡುವುದಕ್ಕೆ ಜಾಗವೂ ಸಾಲದು, ಧೈರ್ಯವೂ ಸಾಲದು. ಸಿಗರೇಟು ಹೋಯಿತು. ಲವಂಗದ ಡಬ್ಬಿಗೂ ಬೀಗ ಬಿತ್ತು. ಮಲ್ಲೇಶನ ಉಸ್ತುವಾರಿ ಮಾತ್ರ ಹೋಗಲಿಲ್ಲ, ಯಾಕೆಂದರೆ ಪಂಪು ಎಳೆಯುವುದನ್ನು ಸರಿಯಾಗಿ ಹೇಳಿಕೊಡಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ. ದಿನಾ ಬೆಳಿಗ್ಗೆ ಸಂಜೆ ಮಾವನ ಎದುರು ಕೂತು, "ಬಿಡಿ ಮಾವಾರೇ... ಈಗ ಎಳೀರಿ... ಆತುರ ಬೇಡ... ಹಿಡೀರಿ, ಹಿಡೀರಿ..." ಎಂದು ಹೇಳಿಕೊಟ್ಟ. ಕೈ ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡಲೆಂದು ಡಾಕ್ಟರಮ್ಮ ಒಂದು ಪ್ಲಾಸ್ಟಿಕ್ ಕೊಳವೆಯನ್ನೂ ಕೊಟ್ಟಿದ್ದರು. ಮೊದಲ ವಾರ ಹೆಚ್ಚೇನೂ ಗೊತ್ತಾಗಲಿಲ್ಲ. ಎರಡನೆಯ ವಾರ ಬೆಳಗಿನ ಕೆಮ್ಮು ಅರ್ಧಕ್ಕಿಳಿಯಿತು. ನಾಲ್ಕನೆಯ ವಾರ ನಂಜಣ್ಣನವರು ಟೀ ಹೋಟೆಲಿಗೆ ಹೋಗಿ, ಸೋಮಯ್ಯನ ಕೈಯಿಂದ ಪೇಪರು ಇಸಕೊಂಡು, ಮುಖಪುಟವನ್ನು ಒಂದೇ ದಮ್ಮಿನಲ್ಲಿ ಓದಿ ಮುಗಿಸಿದರು.

ಸೇರಿದ್ದವರು ಬೆರಗಾಗಿ ಕೇಳಿದರು, ಇದು ಹೇಗೆ ವಾಸಿಯಾಯಿತು ಎಂದು. ನಂಜಣ್ಣನವರು ಪೇಪರು ಮಡಿಸಿ, ಅಭಿಮಾನದಿಂದ, ರಸ್ತೆಯ ಆ ಬದಿಗೂ ಕೇಳುವ ದನಿಯಲ್ಲಿ ಹೇಳಿದರು.

"ಎಲ್ಲ ನಮ್ ಮಲ್ಲೇಸನ್ ದಯೆ ಕಣ್ರಪ್ಪ. ಅವ್ನು ಕದ್ದು ಸಿಗರೇಟ್ ಸೇದಿ ಕಲ್ತಿದ್ದ ಇದ್ಯೆ ನನ್ನುಸ್ರು ಉಳಿಸ್ತು. ಅಂಗೆ ಎಳ್ಯೋರು ಈ ತಾಲ್ಲೂಕಲ್ಲೇ ಇಲ್ಲ!"

ಮಾವ ತನ್ನನ್ನು ಮೊದಲ ಬಾರಿಗೆ ಬಾಯಿತುಂಬ ಏಕವಚನದಲ್ಲಿ ಕರೆದರು, ಅದೂ ನಾಲ್ಕು ಜನರೆದುರು ಎಂಬ ಸುದ್ದಿ ಅಂಗಡಿಗೆ ಬಂದಾಗ ಮಲ್ಲೇಶನ ಎದೆ ಉಬ್ಬಿತು. ಉಳಿದ ಭಾಗ ಬಂದಾಗ ಇಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಉಷಾರಾಣಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ಬೈಲಕುಪ್ಪೆ ಕಡೆಯ ಬಸ್ಸಿಳಿದು, ಕರಿಯಪ್ಪ ಎಂಬ ಹಿರಿಯರೊಬ್ಬರು ಕೈಯಲ್ಲೊಂದು ಪಂಪು ಹಿಡಿದು, ಕೆಮ್ಮುತ್ತ ಬಂದು ನಿಂತರು.

"ಇಲ್ಲಿ ಸಿಗರೇಟ್ ಸೇದೋ ಅಳಿಯಂದ್ರ ಮನೆ ಯಾವ್ದವ್ವಾ?"

ಉಷಾರಾಣಿ ರಂಗೋಲಿಯ ಬಟ್ಟಲು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಳಗೆ ತಿರುಗಿ ಕೂಗಿದಳು:

"ರೀ, ನಿಮ್ಮನ್ನೇ ಹುಡುಕ್ಕೊಂಡ್ ಬಂದವ್ರೆ!"